ಏಳರ ಮಗ್ಗಿ

ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿನ ಮೀಟಿಂಗ್ ಎಲ್ಲಿ ನಡೆಯುತ್ತೆ ಅಂತ ಹುಡುಕಿಟ್ಟುಕೊಂಡು, ಎರಡು ವಾರ ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೆ. ಗುರುತಿನವರು ಯಾರಾದ್ರೂ ನೋಡಿಬಿಟ್ಟರೆ? (ಬಾರಿನ ಮುಂದೆ ನಿಂತಾಗ ಈ ನಾಚಿಕೆ ಎಲ್ಲಿತ್ತೋ!)

ನಿನ್ನೆ ಒಳಗೆ ಹೋದೆ. ಶಾಲೆಯ ಹಿಂದಿನ ಕೋಣೆ, ಮಕ್ಕಳ ಬೆಂಚು. ಬೋರ್ಡಿನ ಮೇಲೆ ಏಳರ ಮಗ್ಗಿ ಅಳಿಸದೆ ಹಾಗೇ ಇತ್ತು. ಫೀಸಿಲ್ಲ, ಪೂರ್ತಿ ಹೆಸರೂ ಕೇಳಲಿಲ್ಲ. ಕುಡಿತ ಬಿಡೋ ಆಸೆ ಇದ್ದರೆ ಸಾಕಂತೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಕೂತು ಮಾತಾಡಿ ಶುರುವಾದದ್ದು, ಇಲ್ಲಿ ಅಚ್ಚ ಕನ್ನಡದಲ್ಲಿ ನಡೀತಿತ್ತು.

ನನ್ನ ಸರದಿಗೆ ಗಂಟಲು ಕಟ್ಟಿತು. ಯಾರೂ ಬುದ್ಧಿ ಹೇಳಲಿಲ್ಲ. ಪಕ್ಕದ ಹಿರಿಯರು ಟೀ ಲೋಟ ಕೈಗಿಟ್ಟು, "ಇವತ್ತೊಂದು ದಿನ ನೋಡ್ಕೊಳ್ಳಿ, ನಾಳೇದು ನಾಳೆ" ಅಂದರು.

ಮನೆಗೆ ಬಂದು ಹೆಂಡತಿಗೆ ನಿಜ ಹೇಳಿದೆ. ನಂಬಲಿಲ್ಲ. ಹತ್ತಿರ ಬಂದು ಬಾಯಿ ಮೂಸಿ ನೋಡಿದಳು.