ಚೀನಾದ ಪ್ರಾಥಮಿಕ ಶಾಲೆಯಲ್ಲಿ ಮೊದಲ ದಿನ: ಕಲಿಸುವ ಮೊದಲು ಹಿಂದೆ ಕೂತು ನೋಡಿ

ಚೀನಾಗೆ ಇಂಗ್ಲಿಷ್ ಕಲಿಸಲು ಹೋಗುವವರಿಗೆ ಎಲ್ಲರೂ ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ. ಮೊದಲ ದಿನ ಆಟ ಆಡಿಸಿ, ಹಾಡು ಹೇಳಿಕೊಡಿ, ಮಕ್ಕಳನ್ನು ನಗಿಸಿ. ಗುವಾಂಗ್‌ಝೌ ನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿ ಬಂದ ನನ್ನನ್ನು ಕೇಳಿದರೆ, ಆಟ ಆಮೇಲೆ. ಮೊದಲು ಅಲ್ಲಿನ ಟೀಚರ್ ಒಬ್ಬರ ಕ್ಲಾಸಿಗೆ ಹೋಗಿ, ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಸಂಕೋಚ ಬೇಡ. ಒಬ್ಬರ ಪಾಠಕ್ಕೆ ಇನ್ನೊಬ್ಬರು ಹೋಗಿ ಕೂರುವುದು ಅಲ್ಲಿ ರೂಢಿ.

ಹೊಸ ವರ್ಷದ ತರಗತಿಗಳು ಶುರುವಾಗುವುದು ಸೆಪ್ಟೆಂಬರ್ 1ರ ಹೊತ್ತಿಗೆ. ಗುವಾಂಗ್‌ಝೌನಲ್ಲಿ ಆಗಲೂ ಮೈ ಅಂಟುವ ಸೆಕೆ. ಬೆಳಗ್ಗೆ ನಾನು ಕೂತದ್ದು 3ನೇ ತರಗತಿಯಲ್ಲಿ. ಬೆಲ್ ಆದ ಕೂಡಲೇ ಕ್ಲಾಸ್ ಲೀಡರ್ ಹುಡುಗಿ ‘ಚೀ ಲೀ’ (ಎದ್ದು ನಿಲ್ಲಿ) ಎಂದು ಕೂಗಿದಳು. ಅಷ್ಟೂ ಮಕ್ಕಳು ಎದ್ದು ನಿಂತು ‘ಲಾವ್‌ಶಿ ಹಾವ್’ (ನಮಸ್ಕಾರ ಟೀಚರ್) ಎಂದು ಎಳೆದು ಹೇಳಿದರು. ನಮ್ಮೂರ ಶಾಲೆಯ ‘ನಮಸ್ತೇ ಟೀಚರ್’ ರಾಗ ನೆನಪಾಗಿ ಖುಷಿಯಾಯಿತು. ಕೂತ ಮೇಲೆ ಎರಡೂ ಕೈ ಮಡಚಿ ಡೆಸ್ಕಿನ ಮೇಲೆ. ಉತ್ತರ ಗೊತ್ತಿದ್ದವರು ಮೊಣಕೈಯನ್ನು ಡೆಸ್ಕಿಗೆ ಊರಿ ಅಂಗೈ ನೆಟ್ಟಗೆ ಎತ್ತುತ್ತಿದ್ದರು. ಕರೆದವರು ಮಾತ್ರ ಎದ್ದು ಉತ್ತರ ಹೇಳುತ್ತಿದ್ದರು. ಟೀಚರ್ ಸೊಂಟಕ್ಕೆ ಒಂದು ಪುಟ್ಟ ಸ್ಪೀಕರ್, ಬಾಯಿ ಹತ್ತಿರ ಮೈಕ್. ನಲವತ್ತು ಚಿಲ್ಲರೆ ಮಕ್ಕಳಿಗೆ ದಿನವಿಡೀ ಪಾಠ ಹೇಳಬೇಕು, ಗಂಟಲು ಉಳಿಯಬೇಕಲ್ವಾ?

ವಿದೇಶಿ ಟೀಚರ್‌ಗೆ ಒಂದೊಂದು ಸೆಕ್ಷನ್ ಸಾಮಾನ್ಯವಾಗಿ ವಾರಕ್ಕೆ ಒಂದೋ ಎರಡೋ ಸಲ ಸಿಗುತ್ತದೆ. ಪೀರಿಯಡ್ ಅಂದರೆ 40 ನಿಮಿಷ. ಅಷ್ಟರಲ್ಲಿ ನಿಮ್ಮದೇ ಹೊಸ ಕ್ರಮ ಕಲಿಸುತ್ತಾ ಕೂತರೆ ಇಂಗ್ಲಿಷ್ ಯಾವಾಗ ಕಲಿಸುತ್ತೀರಿ? ಸಾಲು ಸಾಲಿಗೆ ಅಂಕ ಕೊಟ್ಟು ಬೋರ್ಡಿನ ಮೂಲೆಯಲ್ಲಿ ಬರೆಯುವುದರಿಂದ ಹಿಡಿದು ಬೋರ್ಡ್ ಒರೆಸುವ ಪಾಳಿಯವರೆಗೆ ಎಲ್ಲವೂ ಅಲ್ಲಿ ಆಗಲೇ ಇದೆ. ಅದನ್ನೇ ಬಳಸಿಕೊಳ್ಳಿ. ಮಕ್ಕಳಿಗೆ ನಿಮ್ಮ ಮುಖ ಹೊಸದು, ಮಾತು ಹೊಸದು. ಕ್ಲಾಸ್ ನಡೆಯುವ ರೀತಿಯಾದರೂ ಗೊತ್ತಿರುವುದೇ ಆಗಿದ್ದರೆ ಅವರಿಗೆ ಧೈರ್ಯ.

ಇದರ ಬೆಲೆ ನನಗೆ ಅರ್ಥವಾದದ್ದು ನಂಬರ್ ಆಟದಲ್ಲಿ. ನಾನು ಇಂಗ್ಲಿಷ್‌ನಲ್ಲಿ ಒಂದು ನಂಬರ್ ಹೇಳುವುದು, ಮಕ್ಕಳು ಬೆರಳಲ್ಲಿ ತೋರಿಸುವುದು. ‘ಎಯ್ಟ್’ ಅಂದೆ. ಮುಂದಿನ ಸಾಲಿನ ಹುಡುಗ ಹೆಬ್ಬೆರಳು, ತೋರುಬೆರಳು ಎರಡನ್ನೇ ಬಿಡಿಸಿ ಹಿಡಿದ. ನೋಡಿದವರಿಗೆ ಎರಡು ಅನ್ನಿಸುತ್ತದೆ. ಆದರೆ ಚೀನಾದಲ್ಲಿ ಒಂದರಿಂದ ಹತ್ತರವರೆಗೂ ಒಂದೇ ಕೈಯಲ್ಲಿ ತೋರಿಸುತ್ತಾರೆ. ಹೆಬ್ಬೆರಳು ಮತ್ತು ಕಿರುಬೆರಳು ಚಾಚಿದರೆ ಆರು. ಹೆಬ್ಬೆರಳು ಮತ್ತು ತೋರುಬೆರಳು ಚಾಚಿದರೆ ಎಂಟು. ಬೆಳಗ್ಗೆ ಹಿಂದೆ ಕೂತಾಗ ಟೀಚರ್ ಹಾಗೆ ತೋರಿಸಿದ್ದನ್ನು ನೋಡಿದ್ದೆ, ಹಾಗಾಗಿ ‘ಗುಡ್’ ಅಂದೆ. ಸರಿಯಾದ ಉತ್ತರಕ್ಕೆ ಮೊದಲ ದಿನವೇ ತಪ್ಪು ಅನ್ನಿಸಿಕೊಂಡ ಮಗು ಮತ್ತೆ ಸುಲಭಕ್ಕೆ ಕೈ ಎತ್ತುವುದಿಲ್ಲ. ಎಂಟು ವರ್ಷದ ಮಗುವಿಗೆ ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು, ಕಣ್ಣಿನ ವ್ಯಾಯಾಮ. 1960ರ ದಶಕದಿಂದ ಚೀನಾದ ಶಾಲೆಗಳಲ್ಲಿ ನಡೆದು ಬಂದಿದೆ. ಸ್ಪೀಕರ್‌ನಲ್ಲಿ ಸಂಗೀತ, ಜೊತೆಗೆ ಒಂದರಿಂದ ಎಂಟರ ಎಣಿಕೆ. ಮಕ್ಕಳೆಲ್ಲ ಕಣ್ಣು ಮುಚ್ಚಿ ಹುಬ್ಬಿನ ಕೆಳಗೆ, ಮೂಗಿನ ಬುಡದಲ್ಲಿ ಬೆರಳಿಂದ ಒತ್ತಿಕೊಳ್ಳುತ್ತಾರೆ. ನೀವು ಒಳಗೆ ಬಂದಾಗ ಅದು ನಡೆಯುತ್ತಿದ್ದರೆ ಮಾತಾಡಿಸಬೇಡಿ, ಸುಮ್ನೆ ನಿಂತಿರಿ. ಮಧ್ಯಾಹ್ನ ಊಟವಾದ ಮೇಲೆ ಎಷ್ಟೋ ಶಾಲೆಗಳಲ್ಲಿ ನಿದ್ದೆಯ ಸಮಯವೂ ಇರುತ್ತದೆ. ಡೆಸ್ಕಿನ ಮೇಲೇ ತಲೆಯಿಟ್ಟು ಮಲಗಿಬಿಡುತ್ತಾರೆ. ಅದಾದ ತಕ್ಷಣದ ಪೀರಿಯಡ್ ನಿಮ್ಮದಾದರೆ ಎದ್ದು ಓಡಾಡುವ ಆಟ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅರ್ಧ ಕ್ಲಾಸ್ ತೂಕಡಿಸುತ್ತದೆ.

ಮೊದಲ ದಿನ ಪ್ರಿನ್ಸಿಪಾಲರನ್ನು ಕಾಣುವುದು ಹೇಗೂ ಇದ್ದೇ ಇದೆ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ‘ಬಾನ್ ಝುರೆನ್’, ಅಂದರೆ ಆ ಸೆಕ್ಷನ್ನಿನ ಕ್ಲಾಸ್ ಟೀಚರ್. ಮಕ್ಕಳ ಜಗಳ, ಜ್ವರ, ಅಪ್ಪ ಅಮ್ಮಂದಿರ ವೀಚಾಟ್ (ವಾಟ್ಸಾಪ್ ತರಹದ ಆ್ಯಪ್) ಗ್ರೂಪ್ ಎಲ್ಲ ಅವರ ಕೈಯಲ್ಲೇ. ಯಾವ ಮಗು ಮಾತಾಡಲು ಹೆದರುತ್ತದೆ, ಯಾರಿಗೆ ಕಿವಿ ಸರಿಯಾಗಿ ಕೇಳಿಸದು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವರಿಗೆ ಇಂಗ್ಲಿಷ್ ಬಾರದಿದ್ದರೆ ಇಂಗ್ಲಿಷ್ ವಿಭಾಗದ ಸಹೋದ್ಯೋಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳು ಕೂರುವ ಜಾಗದ ನಕ್ಷೆಯನ್ನು ಆ ಕ್ಲಾಸ್ ಟೀಚರ್ ಹತ್ತಿರವೇ ಕೇಳಿ ತೆಗೆದುಕೊಳ್ಳಿ, ಹೆಸರುಗಳ ಉಚ್ಚಾರ ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ಒಂದೇ ಕಡೆಯಿಂದ ಬೋರ್ಡ್ ನೋಡಿ ಕಣ್ಣಿಗೆ ತೊಂದರೆ ಆಗಬಾರದು ಎಂದು ಆಗಾಗ ಸಾಲುಗಳನ್ನು ಬದಲಾಯಿಸುತ್ತಾರೆ. ಬದಲಾದಾಗ ಹೊಸ ನಕ್ಷೆ ಕೇಳಲು ಮರೆಯಬೇಡಿ.