ಕ್ವಿಜ್‌ಗೆ ಹೊರಟವರು ಕೊಡಗಿನಿಂದಲೇ ಆರಂಭಿಸಲಿ

ಟಿವಿ ಕ್ವಿಜ್‌ಗೆ ಸಿದ್ಧರಾಗಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೈಗೆತ್ತಿಕೊಳ್ಳುವುದು ಸಾವಿರಾರು ಪ್ರಶ್ನೆಗಳಿಗೆ ಒಂದೊಂದೇ ಸಾಲಿನ ಉತ್ತರ ಕೊಡುವ ಸಾಮಾನ್ಯ ಜ್ಞಾನದ ಪುಸ್ತಕವನ್ನು. ಅಂಥ ಪುಸ್ತಕ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ತಯಾರಿ ಅಲ್ಲಿಂದ ಆರಂಭವಾಗಬಾರದು ಎಂಬುದು, ಕೊಡಗಿನ ಪ್ರೌಢಶಾಲೆ ಮತ್ತು ಕಾಲೇಜುಗಳ ಮಕ್ಕಳನ್ನು ಇಂಥ ಸ್ಪರ್ಧೆಗಳಿಗೆ ಅಣಿಗೊಳಿಸುತ್ತ ಬಂದಿರುವ ನನ್ನ ದೃಢವಾದ ಅಭಿಪ್ರಾಯ. ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿದೊಡನೆ, ಬಾಯಿಪಾಠ ಮಾಡಿದವರು ತಮಗೆ ಗೊತ್ತಿರುವ ಉತ್ತರವನ್ನೇ ಧೈರ್ಯವಾಗಿ ಹೇಳಿ ಅಂಕ ಕಳೆದುಕೊಳ್ಳುತ್ತಾರೆ. ಒಂದು ಸಂಗತಿಯನ್ನು ಅದರ ಕಾಲ, ಮಿತಿ ಮತ್ತು ಕಾರಣಗಳೊಂದಿಗೆ ತಿಳಿಯುವ ಅಭ್ಯಾಸ ಬೆಳೆಯಬೇಕಾದರೆ ಸ್ವಂತ ಜಿಲ್ಲೆಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿಯದನ್ನು ನಾವು ಹೋಗಿ ನೋಡಬಹುದು, ಹಿರಿಯರಲ್ಲಿ ಕೇಳಬಹುದು, ಸಂಶಯ ಬಂದಾಗಲೆಲ್ಲ ಮತ್ತೆ ಪರಿಶೀಲಿಸಬಹುದು.

ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ವಿಷಯವನ್ನೇ ನೋಡೋಣ. ಭಾರತೀಯ ಸೇನೆಯ ಮೊದಲಿಗರು ಯಾರು ಎಂದರೆ ಕೊಡಗಿನ ಮಕ್ಕಳು ಅವರ ಹೆಸರನ್ನು ಹೇಳಲು ಕ್ಷಣವೂ ತಡಮಾಡುವುದಿಲ್ಲ. ಯಾವುದರಲ್ಲಿ ಮೊದಲಿಗರು ಎಂದು ಮರುಪ್ರಶ್ನೆ ಹಾಕಿದಾಗ ಗೊಂದಲ ಶುರುವಾಗುತ್ತದೆ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಕಮಾಂಡರ್-ಇನ್-ಚೀಫ್. ಆ ದಿನವನ್ನೇ ದೇಶ ಸೇನಾ ದಿನವೆಂದು ಆಚರಿಸುತ್ತದೆ. ಆದರೆ ಸ್ವತಂತ್ರ ಭಾರತದ ಸೇನೆಗೆ ಮೊದಲು ಮುಖ್ಯಸ್ಥರಾಗಿದ್ದವರು ಯಾರು ಎಂದು ಕೇಳಿದರೆ ಬ್ರಿಟಿಷ್ ಅಧಿಕಾರಿ ರಾಬ್ ಲಾಕ್‌ಹಾರ್ಟ್ ಅವರ ಹೆಸರು ಹೇಳಬೇಕು. ಮೊದಲ ಚೀಫ್ ಆಫ್ ಆರ್ಮಿ ಸ್ಟಾಫ್ ಯಾರು ಎಂದರೆ ಮಹಾರಾಜ ರಾಜೇಂದ್ರಸಿಂಹಜಿ, ಏಕೆಂದರೆ 1955ರಲ್ಲಿ ಹುದ್ದೆಯ ಹೆಸರು ಬದಲಾದಾಗ ಆ ಸ್ಥಾನದಲ್ಲಿ ಇದ್ದವರು ಅವರು. ಇನ್ನು ಫೀಲ್ಡ್ ಮಾರ್ಷಲ್ ಪದವಿ 1973ರಲ್ಲಿ ಸ್ಯಾಮ್ ಮಾಣೆಕ್ ಷಾ ಅವರಿಗೆ ಮೊದಲು ದೊರೆಯಿತು. ಕಾರ್ಯಪ್ಪನವರಿಗೆ ಅದು ಸಂದದ್ದು 1986ರಲ್ಲಿ. ನಾಲ್ಕೂ ಪ್ರಶ್ನೆಗಳಿಗೆ ನಮ್ಮವರ ಹೆಸರೇ ಉತ್ತರವಾಗಲಿ ಎಂಬ ಅಭಿಮಾನ ಸಹಜವಾದದ್ದೇ. ಆದರೂ ಅವರ ಹಿರಿಮೆ ಯಾವುದೋ ಅದನ್ನು ನಿಖರವಾಗಿ ಹೇಳುವುದರಲ್ಲಿಯೇ ಅವರಿಗೆ ಹೆಚ್ಚಿನ ಗೌರವ ಸಲ್ಲುತ್ತದೆ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಜನರಲ್ ಕೆ. ಎಸ್. ತಿಮ್ಮಯ್ಯನವರ ಬಗ್ಗೆ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಸೇನಾ ಮುಖ್ಯಸ್ಥರಾಗಿದ್ದ 1957ರಿಂದ 1961ರವರೆಗಿನ ಅವಧಿಗೇ ನಿಂತುಬಿಡುತ್ತವೆ. ಆದರೆ ಒಳ್ಳೆಯ ಕ್ವಿಜ್ ಮಾಸ್ಟರ್ ಅವರನ್ನು ಕೊರಿಯಾದ ಮೂಲಕವೋ ಸೈಪ್ರಸ್‌ನ ಮೂಲಕವೋ ಕರೆತರುತ್ತಾರೆ. ಕೊರಿಯಾ ಯುದ್ಧದ ಕೈದಿಗಳನ್ನು ಮರಳಿ ಕಳುಹಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಅವರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡವರೂ ಅವರೇ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ. ಕ್ವಿಜ್‌ಗೆ ಹೋಗುವ ಮಕ್ಕಳು ಅಲ್ಲಿ ಒಂದು ಮಧ್ಯಾಹ್ನ ಕಳೆದು ಬರಲಿ, ಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದಿದ ಹೆಸರು, ಇಸವಿ, ದೇಶಗಳೆಲ್ಲ ಒಬ್ಬ ಮನುಷ್ಯನ ಬದುಕಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ.

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆಗಳ ಗುಂಪು ಹಳೆಯ ಕೊಡಗು ರಾಜ್ಯಕ್ಕೆ ಸಂಬಂಧಿಸಿದ್ದು. 1834ರಲ್ಲಿ ಬ್ರಿಟಿಷರು ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಸ್ವಾತಂತ್ರ್ಯದ ನಂತರ ಅದು ಸಂವಿಧಾನದ ‘ಸಿ’ ವರ್ಗದ, ಅಂದರೆ ಕೇಂದ್ರದ ಆಡಳಿತಕ್ಕೆ ಒಳಪಟ್ಟ, ರಾಜ್ಯವಾಯಿತು. 1952ರ ಚುನಾವಣೆಯ ಬಳಿಕ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಆ ರಾಜ್ಯವೇ ಇಲ್ಲವಾದುದರಿಂದ ಅದರ ಮೊದಲ ಮತ್ತು ಕೊನೆಯ ಮುಖ್ಯಮಂತ್ರಿ ಅವರೊಬ್ಬರೇ. ಇಲ್ಲಿ ಒಂದು ಬಲೆ ಇದೆ: ಅಂದು ಕೊಡಗು ಯಾವ ರಾಜ್ಯದಲ್ಲಿ ವಿಲೀನವಾಯಿತು ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳ ನಡುವೆ ‘ಮೈಸೂರು’ ಮತ್ತು ‘ಕರ್ನಾಟಕ’ ಎರಡೂ ಇದ್ದರೆ, ರಾಜ್ಯೋತ್ಸವದ ನೆನಪಿನಲ್ಲಿರುವವರು ‘ಕರ್ನಾಟಕ’ ಎಂದುಬಿಡುತ್ತಾರೆ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು, ವಿಲೀನವಾಗಿ ಹದಿನೇಳು ವರ್ಷಗಳ ನಂತರ. ಪೂಣಚ್ಚನವರು ಮುಂದೆ 1960ರ ದಶಕದ ಕೊನೆಯಲ್ಲಿ ಕೇಂದ್ರದ ರೈಲ್ವೆ ಸಚಿವರೂ ಆಗಿದ್ದರು. ಇಂದಿಗೂ ರೈಲು ಹಳಿ ಬಾರದ ಜಿಲ್ಲೆಯೊಂದು ದೇಶಕ್ಕೆ ರೈಲ್ವೆ ಸಚಿವರನ್ನು ಕೊಟ್ಟಿತ್ತು ಎಂಬುದು ನನ್ನ ದೃಷ್ಟಿಯಲ್ಲಿ ಅಂತಿಮ ಸುತ್ತಿಗೆ ಯೋಗ್ಯವಾದ ಪ್ರಶ್ನೆ.

ಅದೇ ಚಿಕ್ಕವೀರರಾಜೇಂದ್ರನಿಂದ ಇನ್ನೂ ಎರಡು ದಾರಿಗಳು ಹೊರಡುತ್ತವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರಿಗೆ 1983ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟದ್ದು ಈ ರಾಜನನ್ನು ಕುರಿತ ಕಾದಂಬರಿ. ಇನ್ನೊಂದು ದಾರಿ ಲಂಡನ್ನಿಗೆ ಹೋಗುತ್ತದೆ: ಪದಚ್ಯುತನಾದ ರಾಜ ಮಗಳೊಂದಿಗೆ ಇಂಗ್ಲೆಂಡಿಗೆ ತೆರಳಿದ್ದು, 1852ರಲ್ಲಿ ಆಕೆ ಕ್ರೈಸ್ತ ದೀಕ್ಷೆ ಪಡೆದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತದ್ದು, ಆಕೆ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಾದದ್ದು. ಈ ಗೌರಮ್ಮನನ್ನೂ ಕನ್ನಡದ ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನೂ ಒಬ್ಬರೇ ಎಂದು ತಿಳಿದವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ಕತೆಗಾರ್ತಿ ಹುಟ್ಟಿದ್ದು 1912ರಲ್ಲಿ. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ಹರಿಜನ ನಿಧಿಗೆ ತಮ್ಮ ಒಡವೆಗಳನ್ನು ಕೊಟ್ಟವರು ಅವರು. 1939ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಇಬ್ಬರ ಹುಟ್ಟಿನ ನಡುವೆ ಸುಮಾರು ಎಪ್ಪತ್ತು ವರ್ಷಗಳ ಅಂತರವಿದೆ.

ಭೂಗೋಳದ ಪ್ರಶ್ನೆಗಳಿಗೆ ನಕ್ಷೆ ತೆರೆದಿಟ್ಟುಕೊಂಡೇ ಕೂರಬೇಕು. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಕೊಡಗಿನ ನೀರೆಲ್ಲ ಪೂರ್ವಕ್ಕೇ ಹೋಗುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ, ಲಕ್ಷ್ಮಣತೀರ್ಥವೂ ಕಾವೇರಿಗೇ ಹೋಗುತ್ತದೆ, ನಿಜ. ಆದರೆ ಬರಪೊಳೆ ಪಶ್ಚಿಮಕ್ಕೆ ಇಳಿದು ಕೇರಳದ ವಳಪಟ್ಟಣಂ ನದಿಯ ಪಾಲಾಗುತ್ತದೆ. ಪುಷ್ಪಗಿರಿಯ ಕಡೆಯಿಂದ ಇಳಿಯುವ ಕುಮಾರಧಾರಾ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಒಂದೇ ಬೆಟ್ಟಸಾಲಿನ ಎರಡು ಮಗ್ಗುಲುಗಳಲ್ಲಿ ಬಿದ್ದ ಮಳೆ ಎರಡು ಬೇರೆ ಕಡಲುಗಳಿಗೆ ಹೋಗುವುದನ್ನು ಮಕ್ಕಳು ನಕ್ಷೆಯಲ್ಲಿ ಬೆರಳಿಟ್ಟು ಗುರುತಿಸಿದರೆ, ಜಲವಿಭಾಜಕ ಎಂದರೇನು ಎಂದು ಮತ್ತೆ ವಿವರಿಸಬೇಕಾಗುವುದಿಲ್ಲ. ಬ್ರಹ್ಮಗಿರಿಯ ವಿಷಯದಲ್ಲೂ ಎಚ್ಚರ ಬೇಕು: ತಲಕಾವೇರಿಯ ಮೇಲಿರುವುದು ಒಂದು ಬ್ರಹ್ಮಗಿರಿ, ಇರ್ಪು ಜಲಪಾತದ ಮೇಲೆ ಕೇರಳದ ಗಡಿಗುಂಟ ಹಬ್ಬಿರುವುದು ಇನ್ನೊಂದು. ಕುಶಾಲನಗರಕ್ಕೆ ಬರುವ ಪ್ರವಾಸಿಗರು ನೋಡುವ ಬೈಲಕುಪ್ಪೆಯ ಸ್ವರ್ಣ ದೇಗುಲ ಕೊಡಗಿನದೆಂದೇ ಹಲವು ಕಡೆ ಬರೆದಿರುತ್ತಾರೆ. ಅದು ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ತಡಿಯಂಡಮೋಳ್ 1748 ಮೀಟರ್ ಎತ್ತರದ್ದು, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ, ರಾಜ್ಯದ ಮಟ್ಟಿಗೆ ಆ ಸ್ಥಾನ ಮುಳ್ಳಯ್ಯನಗಿರಿಯದು.

ಸಂಗತಿಗಳಿಗೆ ವಯಸ್ಸಾಗುತ್ತದೆ ಎಂಬುದನ್ನೂ ಜಿಲ್ಲೆಯೇ ಕಲಿಸುತ್ತದೆ. ಹಳೆಯ ಪುಸ್ತಕಗಳಲ್ಲಿ ಕೊಡಗಿಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರು ತಾಲ್ಲೂಕುಗಳು. ಈಗ ಪೊನ್ನಂಪೇಟೆ ಮತ್ತು ಕುಶಾಲನಗರ ಸೇರಿ ಐದು. ವಿಜಯನಗರ ಜಿಲ್ಲೆಯಾದ ಮೇಲೆ ರಾಜ್ಯದ ಜಿಲ್ಲೆಗಳ ಸಂಖ್ಯೆ 31 ಆಯಿತು. 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ಕೈಬಿಡಲಾಯಿತು. ಎವರೆಸ್ಟ್‌ನ ಎತ್ತರವನ್ನು 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ 8848.86 ಮೀಟರ್ ಎಂದು ಪ್ರಕಟಿಸಿದವು. ಆದ್ದರಿಂದ ಸಂಖ್ಯೆಯೊಂದನ್ನು ಬರೆದುಕೊಳ್ಳುವಾಗ ಅದರ ಪಕ್ಕದಲ್ಲಿಯೇ ಇಸವಿಯನ್ನೂ ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ.

ಇಷ್ಟು ಅಭ್ಯಾಸವಾದ ಮೇಲೆ ಜಗತ್ತಿನ ಪ್ರಶ್ನೆಗಳು ಹೆದರಿಸುವುದಿಲ್ಲ. ಸಮುದ್ರಮಟ್ಟದಿಂದ ಅಳೆದರೆ ಎವರೆಸ್ಟ್ ಅತ್ಯುನ್ನತವಾದದ್ದು. ಸಾಗರದಡಿಯ ಬುಡದಿಂದ ಅಳೆದರೆ ಹವಾಯಿಯ ಮೌನಾ ಕೀ. ಭೂಮಿಯ ಕೇಂದ್ರದಿಂದ ಅತಿ ದೂರದ ಶಿಖರ ಯಾವುದೆಂದರೆ ಈಕ್ವೆಡಾರ್‌ನ ಚಿಂಬೊರಾಜೊ, ಏಕೆಂದರೆ ಭೂಮಿ ಸಮಭಾಜಕ ವೃತ್ತದ ಬಳಿ ಉಬ್ಬಿಕೊಂಡಿದೆ. ಕಾರ್ಯಪ್ಪನವರ ಪ್ರಶ್ನೆಗಳನ್ನು ಬಿಡಿಸಿದ ಮಗು ರಾಕೇಶ್ ಶರ್ಮಾ, ಕಲ್ಪನಾ ಚಾವ್ಲಾ, ಶುಭಾಂಶು ಶುಕ್ಲಾ ಇವರನ್ನೂ ಬೇರ್ಪಡಿಸಿ ನೋಡುತ್ತದೆ: 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ, ಭಾರತದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾಗಿ ಹೋದ ಮಹಿಳೆ, 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ತಲುಪಿದ ಮೊದಲ ಭಾರತೀಯ. ನಮ್ಮವರೇ ಆದ ರೋಹನ್ ಬೋಪಣ್ಣನವರ ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನದು. ಪುರುಷರ ಡಬಲ್ಸ್‌ನಲ್ಲಿ ಮೊದಲನೆಯದು 2024ರ ಆಸ್ಟ್ರೇಲಿಯನ್ ಓಪನ್.

ಕಾರ್ಯಕ್ರಮಕ್ಕೆ ತಕ್ಕಂತೆ ತಯಾರಿಯೂ ಸ್ವಲ್ಪ ಬದಲಾಗಬೇಕು. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ, ಮತ್ತು ಕನ್ನಡ ಸಾಹಿತ್ಯ, ಪುರಾಣ, ಭಾಷೆಗಳ ಓದು ಇಲ್ಲದವರು ಅಲ್ಲಿ ನಿಲ್ಲುವುದು ಕಷ್ಟ. ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ 2012ರಲ್ಲಿ ಆರಂಭವಾದ ‘ಕನ್ನಡದ ಕೋಟ್ಯಧಿಪತಿ’ಯಂಥ ಕಾರ್ಯಕ್ರಮಗಳಲ್ಲಿ ನಾಲ್ಕು ಆಯ್ಕೆಗಳಿರುವುದರಿಂದ, ಉತ್ತರ ನೇರವಾಗಿ ಹೊಳೆಯದಿದ್ದರೂ ಇಸವಿಗಳ ಬಲದಿಂದ ಒಂದೆರಡು ಆಯ್ಕೆಗಳನ್ನು ತಳ್ಳಿಹಾಕಬಹುದು. ಎರಡರಲ್ಲಿಯೂ ಪ್ರಶ್ನೆಯನ್ನು ಕೊನೆಯವರೆಗೆ ಕೇಳುವ ತಾಳ್ಮೆ ಬೇಕು. ನಮ್ಮ ಹುಡುಗರಲ್ಲಿ ಜ್ಞಾನಕ್ಕಿಂತ ಈ ತಾಳ್ಮೆಯೇ ಕಡಿಮೆ ಎಂದು ನನಗೆ ಅನ್ನಿಸಿದೆ, ಹಾಗಾಗಿ ಅಭ್ಯಾಸದ ವೇಳೆ ಪೂರ್ತಿ ಪ್ರಶ್ನೆಯನ್ನು ತಿರುಗಿ ಹೇಳಿದ ನಂತರವೇ ಉತ್ತರಿಸಲು ಬಿಡುತ್ತೇನೆ.

ಈ ಮಳೆಗಾಲದಲ್ಲಿ ನಾವು ಮುಂದೆ ಕೈಗೆತ್ತಿಕೊಳ್ಳಲಿರುವುದು ಕಾಫಿಯನ್ನು. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ಕೊಡಗು ಎಂಬುದು ಪಾಠದ ಮೊದಲ ಸಾಲು ಮಾತ್ರ. ಬಾಬಾ ಬುಡನ್ ಅವರು ಏಳು ಬೀಜ ತಂದರೆಂಬ ಕತೆ ಚಿಕ್ಕಮಗಳೂರಿನದು. ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಬಾಳೆಹೊನ್ನೂರಿನ ಬಳಿ ಇದ್ದರೆ ಅದರ ಉಪಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲಿದೆ. ಅರೇಬಿಕಾ ಗಿಡದ ಕೋಶದಲ್ಲಿ 44 ವರ್ಣತಂತುಗಳಿದ್ದರೆ ರೊಬಸ್ಟಾದಲ್ಲಿ 22, ಏಕೆಂದರೆ ರೊಬಸ್ಟಾ ಮತ್ತು ಇನ್ನೊಂದು ಕಾಡು ಪ್ರಭೇದ ಬೆರೆತು, ಎರಡರ ವರ್ಣತಂತುಗಳನ್ನೂ ಉಳಿಸಿಕೊಂಡು ಅರೇಬಿಕಾ ತಾನಾಗಿಯೇ ಹುಟ್ಟಿತು. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಆದ್ದರಿಂದಲೇ ತೋಟದ ಗಿಡಗಳೆಲ್ಲ ಒಟ್ಟಿಗೆ ಅರಳುವಂತೆ ಮಾಡುವ ಫೆಬ್ರುವರಿ-ಮಾರ್ಚ್‌ನ ಹೂಮಳೆಗೆ ರೊಬಸ್ಟಾ ಬೆಳೆಗಾರರು ಅಷ್ಟು ಕಾತರದಿಂದ ಕಾಯುತ್ತಾರೆ.