ದಿನಾಚರಣೆಗೆ ಮೊದಲು ಟಾರ್ಗೆಟ್ ಇಳಿಸಿ

ದಾವಣಗೆರೆ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ವೆಲ್‌ಫೇರ್ ಆಫೀಸರ್. ಕೆಲಸಕ್ಕೆ ಸೇರಿದ ಮೊದಲ ವರ್ಷ ದೊಡ್ಡ ಕ್ಯಾಲೆಂಡರ್ ತಂದು ಗೋಡೆಗೆ ಹಾಕಿದ್ದೆ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ, ಮಾರ್ಚ್ 8 ಮಹಿಳಾ ದಿನ, ಮೇ 28 ಮುಟ್ಟಿನ ನೈರ್ಮಲ್ಯ ದಿನ, ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಎಲ್ಲದಕ್ಕೂ ಕೆಂಪು ಪೆನ್ನಿನ ಗುರುತು. ಒಂದನ್ನೂ ಬಿಡಬಾರದು ಅಂತ ಆಸೆ ಇತ್ತು.

ಆ ವರ್ಷದ ಅಕ್ಟೋಬರ್ 10 ಇವತ್ತಿಗೂ ಮನಸ್ಸಿನಲ್ಲಿದೆ. ಮಧ್ಯಾಹ್ನ ಮೂರಕ್ಕೆ ಮಷಿನ್ ನಿಲ್ಲಿಸಿ ಎಲ್ಲರನ್ನೂ ಕ್ಯಾಂಟೀನಿಗೆ ಕರೆದೆವು. ಡಾಕ್ಟರು ತುಂಬ ಚೆನ್ನಾಗಿ ಮಾತಾಡಿದರು. ನಿದ್ದೆ ಬಾರದಿರುವುದು, ಸುಮ್ನೆ ಅಳು ಬರುವುದು, ಎದೆ ಡವಡವ ಅನ್ನುವುದು, ಇವೆಲ್ಲ ಹೇಳಿಕೊಳ್ಳಬಹುದಾದ ವಿಷಯ ಅಂತ ಬಿಡಿಸಿ ಹೇಳಿದರು. ಕೆಲವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನಗೆ ಖುಷಿಯಾಗಿತ್ತು.

ಆದರೆ ಪ್ರತಿ ಲೈನಿಗೂ, ಅಂದರೆ ಸಾಲಾಗಿ ಕೂತು ಹೊಲಿಯುವ ತಂಡಕ್ಕೂ, ದಿನಕ್ಕೆ ಇಷ್ಟು ಪೀಸು ಅಂತ ಟಾರ್ಗೆಟ್ ಇರುತ್ತದೆ. ಆ ಒಂದು ಗಂಟೆಯ ಪೀಸುಗಳನ್ನು ಯಾರೂ ಅದರಿಂದ ಕಳೆದಿರಲಿಲ್ಲ. ಸಂಜೆ ಎಲ್ಲ ಲೈನುಗಳನ್ನೂ ಒಂದು ಗಂಟೆ ಜಾಸ್ತಿ ಕೂರಿಸಿದರು. ಕಂಪನಿ ಬಸ್ಸು ಕಾದಿತ್ತು. ಅದು ಇಳಿಸುವ ಜಾಗದಿಂದ ಹಳ್ಳಿಗೆ ಹೋಗುವ ಬಸ್ಸು ಕಾಯುತ್ತದೆಯೇ?

ಮರುದಿನ ಮಾಯಕೊಂಡ ಕಡೆಯಿಂದ ಬರುವ ಒಬ್ಬ ಅಕ್ಕ ನನ್ನ ಟೇಬಲ್ ಹತ್ತಿರ ಬಂದು ನಿಂತರು. ಜಗಳಕ್ಕೆ ಬಂದಿರಲಿಲ್ಲ. "ಡಾಕ್ಟ್ರು ಚಲೋ ಹೇಳಿದ್ರು ರೀ ಮೇಡಂ. ಆದ್ರ ನಿನ್ನೆ ನಾ ಮನಿ ಮುಟ್ಟಿದಾಗ ಒಂಬತ್ತಾಗಿತ್ತು. ಮಕ್ಳು ಉಣ್ಣದಂಗ ಮಲಗಿದ್ವು" ಅಂದರು. ಅಷ್ಟೇ ಹೇಳಿ ಲೈನಿಗೆ ಹೋದರು.

ಆ ಗಂಟೆಯನ್ನು ಕಂಪನಿ ಕೊಟ್ಟಿತು ಅಂತ ನಾನು ತಿಳಿದಿದ್ದೆ. ಕೊಟ್ಟವರು ಇವರು. ಅದೂ ಕೇಳದೇ ತೆಗೆದುಕೊಂಡದ್ದು.

ಮುಂದಿನ ವರ್ಷ ಮೊದಲು ಹೋಗಿದ್ದು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ. ಎರಡು ವಾರ ಮುಂಚೆಯೇ. ಆ ದಿನದ ಪ್ಲಾನ್ ಶೀಟಿನಲ್ಲೇ ಪ್ರತಿ ಲೈನಿಗೆ ಮುಕ್ಕಾಲು ಗಂಟೆಯ ಪೀಸು ಕಡಿಮೆ ಬರೆಯಿರಿ, ಬಾಯಿ ಮಾತು ಬೇಡ ಅಂದೆ. ಅವರು ತಕ್ಷಣ ಒಪ್ಪಲಿಲ್ಲ. ಆ ವಾರ ಶಿಪ್‌ಮೆಂಟ್ ಇತ್ತು. ಅವರ ಕಷ್ಟವೂ ಸುಳ್ಳಲ್ಲ, ಅವರ ಮೇಲೂ ಒಬ್ಬರು ಕೂತಿರುತ್ತಾರೆ. ಕೊನೆಗೆ ಹತ್ತನೇ ತಾರೀಖು ಬಿಟ್ಟು ಹದಿನಾಲ್ಕಕ್ಕೆ ಮಾಡಿದೆವು. ಅದರಿಂದ ಯಾರಿಗೂ ನಷ್ಟ ಆಗಲಿಲ್ಲ. ತಾರೀಖು ಆಚೀಚೆ ಆಗಬಹುದು, ಸಂಜೆಯ ಬಸ್ಸು ಆಗುವ ಹಾಗಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನೊಂದು ತಪ್ಪೂ ಆಗಿತ್ತು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಗೊತ್ತಲ್ವಾ? ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದೇ ಶುರು ಮಾಡಿದ್ದು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದರ ಪೋಸ್ಟರನ್ನು ಫ್ಲೋರಿನಲ್ಲಿ, ಸೂಪರ್‌ವೈಸರ್ ಟೇಬಲ್ ಹಿಂದೆ ಅಂಟಿಸಿದ್ದೆ. ಅಲ್ಲಿ ನಿಂತು ನಂಬರ್ ಓದಿದರೆ ಇವಳಿಗೇನೋ ಆಗಿದೆ ಅಂತ ಇಡೀ ಲೈನಿಗೆ ಗೊತ್ತಾಗುತ್ತದೆ. ಯಾರು ಓದುತ್ತಾರೆ? ಬರೆದುಕೊಳ್ಳೋಣ ಅಂದರೂ ಮೊಬೈಲ್ ಎಲ್ಲ ಲಾಕರಿನಲ್ಲಿ. ಈಗ ಆ ಪೋಸ್ಟರ್ ಟಾಯ್ಲೆಟ್ ಬಾಗಿಲುಗಳ ಒಳಗಡೆ ಇದೆ. ಜೊತೆಗೆ, ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಫೋನ್ ಇಟ್ಟಿದ್ದೇವೆ. ಯಾರು ಒಳಗೆ ಹೋದರು ಅಂತ ಬರೆದಿಡುವುದಿಲ್ಲ. ಎಷ್ಟು ಜನ ಬಳಸಿದರು ಅಂತ ಆಡಿಟ್‌ನವರು ಕೇಳಿದಾಗಲೂ ಬರೆದಿಡುವುದಿಲ್ಲ ಅಂತಲೇ ಹೇಳಿದೆ.

ನವೆಂಬರ್ 14ರಲ್ಲೂ ಕಲಿತೆ. ನಮಗೆ ಅದು ಮಕ್ಕಳ ದಿನ. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ದಿನ, ಅದಕ್ಕೇ ವಿಶ್ವ ಮಧುಮೇಹ ದಿನ. ಬೆರಳು ಚುಚ್ಚಿ ಶುಗರ್ ನೋಡಿಸಿದೆವು. ಕೆಲವರಿಗೆ 200 ದಾಟಿತ್ತು. ಮತ್ತೆ ಸರಿಯಾಗಿ ಪರೀಕ್ಷೆ ಮಾಡಿಸಲು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಅಂತ ಚೀಟಿ ಕೊಟ್ಟೆವು. ತಿಂಗಳಾದರೂ ಯಾರೂ ಹೋಗಿರಲಿಲ್ಲ. ಒಂದು ದಿನ ರಜೆ ಹಾಕಿದರೆ ಅಟೆಂಡೆನ್ಸ್ ಬೋನಸ್ ಹೋಗುತ್ತದೆ, ಅದಕ್ಕೆ. ಅರ್ಧ ದಿನ ಸಂಬಳ ಸಮೇತ ಬಿಡಿಸಿ, ಬೋನಸ್ ಮುಟ್ಟುವುದಿಲ್ಲ ಅಂತ ಬರೆದುಕೊಟ್ಟ ಮೇಲೆ ಹೋದರು. ಅದರ ಮರುವರ್ಷದಿಂದ ಈ ಅನುಮತಿ ಕೈಯಲ್ಲಿ ಇಟ್ಟುಕೊಂಡೇ ಶುಗರ್ ನೋಡಿಸುತ್ತೇವೆ. ಕಾಯಿಲೆ ಇದೆ ಅಂತ ಹೇಳಿ, ಆಸ್ಪತ್ರೆಗೆ ಹೋಗಲು ದಾರಿ ಕೊಡದಿದ್ದರೆ ಭಯ ಹಂಚಿದ ಹಾಗೆ ಅಷ್ಟೇ.

ಹಬ್ಬಗಳ ವಿಷಯದಲ್ಲಿ ನಾನು ಮಾಡಿದ್ದಕ್ಕಿಂತ ಅವರೇ ಮಾಡಿಕೊಂಡದ್ದು ಜಾಸ್ತಿ. ರಾಜ್ಯೋತ್ಸವಕ್ಕೆ ಕೇಕ್ ತರಿಸುವುದು ನಿಲ್ಲಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಸಿದ್ದು ನಮ್ಮ ಕ್ಯಾಂಟೀನಿನವರು. ನವೆಂಬರ್ 11 ಒನಕೆ ಓಬವ್ವ ಜಯಂತಿ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಓಬವ್ವ ನಮ್ಮವಳೇ. ಆ ದಿನ ಫಿನಿಶಿಂಗ್‌ನ ಹುಡುಗಿಯರು ಹತ್ತು ನಿಮಿಷದ ಆಟ ಆಡಿದರು. ಗಂಡ ಊಟಕ್ಕೆ ಕೂತಿದ್ದಾನೆ, ಎಬ್ಬಿಸಬಾರದು ಅಂತ ಓಬವ್ವ ಒಬ್ಬಳೇ ಒನಕೆ ಹಿಡಿದು ನಿಲ್ಲುವ ಜಾಗಕ್ಕೆ ಇಡೀ ಕ್ಯಾಂಟೀನ್ ಗಪ್‌ಚುಪ್ ಆಯಿತು.

ನನಗೆ ತುಂಬ ಹಿಡಿಸಿದ್ದು ರಂಜಾನ್ ತಿಂಗಳಲ್ಲಿ ಆದದ್ದು. ನಮ್ಮಲ್ಲಿ ಉಪವಾಸ ಮಾಡುವ ಹೆಣ್ಣುಮಕ್ಕಳು ತುಂಬ ಇದ್ದಾರೆ. ಮಧ್ಯಾಹ್ನದ ಊಟದ ಅರ್ಧ ಗಂಟೆ ಕೆಲಸ ಮಾಡುತ್ತೇವೆ, ಸಂಜೆ ಅರ್ಧ ಗಂಟೆ ಮುಂಚೆ ಬಿಡಿ ಅಂತ ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಲೈನಿನಲ್ಲಿ ಒಂದು ಮಷಿನ್ ಖಾಲಿಯಾದರೆ ಮುಂದಿನವರಿಗೆ ಪೀಸು ಹೋಗುವುದಿಲ್ಲ. ನಾನು ತಲೆ ಕೆಡಿಸಿಕೊಂಡು ಕೂತಿದ್ದಾಗ ಪಕ್ಕದ ಮಷಿನ್ನಿನವರೇ "ನಾವು ಕೂರ್ತೀವಿ ಬಿಡ್ರೀ" ಅಂದರು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು, ಬಾಡೂಟ, ಹಾಜರಿ ಅರ್ಧಕ್ಕರ್ಧ. ಆಗ ಖಾಲಿ ಮಷಿನ್ನುಗಳಲ್ಲಿ ಬಂದು ಕೂತವರು ಅದೇ ರಂಜಾನ್ ಉಪವಾಸದ ಹೆಣ್ಣುಮಕ್ಕಳು. ಯಾರೂ ಆರ್ಡರ್ ಹಾಕಿರಲಿಲ್ಲ.

ಈ ವರ್ಷ ಕ್ಯಾಲೆಂಡರಿಗೆ ನಾನೇ ಗುರುತು ಹಾಕಲಿಲ್ಲ. ನಿಮಗೆ ಯಾವ ದಿನ ಬೇಕು ಅಂತ ಚೀಟಿ ಬರೆಸಿದೆ. ನಾಗರ ಪಂಚಮಿಗೆ ತವರಿಗೆ ಹೋಗಬೇಕು ಅಂತ ಬರೆದವರೇ ಹೆಚ್ಚು. ಆ ದಿನದ ಟಾರ್ಗೆಟ್ ಇಳಿಸುವ ಮಾತು ನಡೆಯುತ್ತಿದೆ. ಒಂದಿಷ್ಟು ಚೀಟಿಗಳಲ್ಲಿ ಹಬ್ಬವೂ ಇರಲಿಲ್ಲ, ಜಯಂತಿಯೂ ಇರಲಿಲ್ಲ. "ಮಗನ ಸಾಲಿ ಮೀಟಿಂಗ್" ಅಂತ ಇತ್ತು. ಅದು ಯಾವ ತಾರೀಖು ಅಂತ ತಿಳಿದುಕೊಳ್ಳಲು ಈಗ ಒಂದೊಂದೇ ಶಾಲೆಗೆ ಫೋನ್ ಮಾಡುತ್ತಿದ್ದೇನೆ.